ಖಾಲಿ ಹೊಟ್ಟೆಯ ಬ್ಯಾಟು

ಧಾರವಾಡದ ಸೀತಾಬಾಯಿ ಜಾರ್ಜ್‌ಟೌನಿನ ತಮ್ಮ ಮನೆಯ ಮಹಡಿಕೋಣೆಯನ್ನು ಊರಿನ ಬೇಸ್‌ಬಾಲ್ ತಂಡದ ಕೋಲ್ಟನ್‌ಗೆ ಬಿಟ್ಟುಕೊಟ್ಟಿದ್ದರು. ಮೊದಲ ಬೇಸ್ ಕಾಯುವ ಆ ಆಜಾನುಬಾಹು ಬ್ಯಾಟ್ ಬೀಸಿದರೆ ಚೆಂಡು ಮೈದಾನ ದಾಟಿ ಪಾರ್ಕಿಂಗ್ ಲಾಟಿಗೇ ಬೀಳುತ್ತಿತ್ತು.

ಏಕಾದಶಿಯಂದು ಅವರು ಉಪವಾಸವಿದ್ದರೆ ಅವನೂ ತಟ್ಟೆ ಮುಟ್ಟುತ್ತಿರಲಿಲ್ಲ. "ಎಂಥಾ ಸಂಸ್ಕಾರ ನೋಡ್ರಿ!" ಎಂದು ಡಲ್ಲಾಸಿನ ಗೆಳತಿಯರಿಗೆ ಫೋನಿನಲ್ಲಿ ಹೇಳಿ ಬೀಗಿದರೇ ಹೊರತು, ನೀನು ಉಣ್ಣಪ್ಪ ಎನ್ನಲಿಲ್ಲ.

ದೊಡ್ಡ ತಂಡದವರು ಅವನ ಆಟ ನೋಡಲು ಬಂದದ್ದೂ ಏಕಾದಶಿಯಂದೇ. ಸುಡುಬಿಸಿಲಲ್ಲಿ ಕೋಲ್ಟನ್ ಮೂರು ಸಲವೂ ಬರೀ ಗಾಳಿಗೆ ಬೀಸಿ ಔಟಾದ. ಮತ್ತೆ ಯಾರೂ ಕರೆಯಲಿಲ್ಲ. ಈಗ ಹ್ಯೂಸ್ಟನ್ನಿನಲ್ಲಿ ಟ್ರಕ್ ಓಡಿಸುತ್ತಾನೆ.

ಮೊನ್ನೆ ಏಕಾದಶಿಯಂದು ಸೀತಾಬಾಯಿ ಅನ್ನ ಬಡಿಸಿಕೊಂಡು ಕೂತಾಗ ಗಂಡ ರಘುನಂದನರು ಬೆಚ್ಚಿದರು. "ಇವತ್ತ ಉಂಡ್ರ ಪಾಪ ಬರಂಗಿಲ್ಲೇನು?"

ಸೀತಾಬಾಯಿ ತಲೆಯೆತ್ತಲಿಲ್ಲ. "ಆ ಹುಡುಗನ್ನ ಉಪವಾಸ ಕೆಡವಿದ ಪಾಪ ಮೊದ್ಲ ಕಳೀಲಿರಿ."