ಮಾವನಿಗೆ ಕೇಳದ ಸದ್ದು

ನನ್ನ ಸೋದರಮಾವ ತೀರಿಕೊಂಡು ಎರಡು ವರ್ಷ ಆಗುತ್ತ ಬಂತು. ಅವನ ದೋಣಿ ಮುಳುಗಿದ್ದು ಅವನ ಕಿವುಡಿನಿಂದ ಎಂದು ಬೇಲೇಕೇರಿಯ ದಂಡೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಮುಳುಗಿದ್ದು ನನ್ನಿಂದ. ಇಷ್ಟು ದಿನ ಬಾಯಿಬಿಡದೆ ಇದ್ದವಳು ಈಗ ಬರೆಯುತ್ತಿದ್ದೇನೆ, ಅದಕ್ಕೂ ನಾಚಿಕೆಯಾಗುತ್ತದೆ.

ಅಪ್ಪ ಇಲ್ಲದ ನನ್ನನ್ನು ಸಾಕಿದ್ದು ಮಾವ. ಕಾರವಾರದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿಸಿದ್ದೂ ಅವನೇ. ಓದು ಮುಗಿದ ಮೇಲೆ ಅಂಕೋಲಾ ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಹಿಡಿದು, ಸಣ್ಣ ದೋಣಿಗಳಿಗೆ ಎಚ್ಚರಿಕೆಯ ಪೆಟ್ಟಿಗೆ ಮಾಡಿಕೊಡತೊಡಗಿದೆ. ಊಟದ ಡಬ್ಬಿಯಷ್ಟು ದೊಡ್ಡದು. ದೋಣಿಯ ತಳದಲ್ಲಿ ನೀರು ಏರಿದರೆ ಅದು ಕೂಗುತ್ತದೆ, ಕೂಗಿದ ಹೊತ್ತನ್ನು ಒಳಗಿನ ಕಾರ್ಡಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮೊದಲ ಪೆಟ್ಟಿಗೆ ಕೂರಿಸಿದ್ದು ಮಾವನ ದೋಣಿಗೇ.

ಮೂವತ್ತು ವರ್ಷ ಎಂಜಿನ್ ಪಕ್ಕದಲ್ಲೇ ಕೂತು ಮಾವನ ಕಿವಿ ಅರ್ಧ ಹೋಗಿತ್ತು. ಹೆದ್ದಾರಿಯ ಲಾರಿಯ ಗುಡುಗು ಕೇಳುತ್ತಿತ್ತು, ಅಡುಗೆಮನೆಯ ಕುಕ್ಕರ್ ಸೀಟಿ ಕೇಳುತ್ತಿರಲಿಲ್ಲ. ಕಾರವಾರದ ಡಾಕ್ಟರ ಹತ್ತಿರ ಹೋಗೋಣ ಎಂದರೆ ಸಿಟ್ಟು ಬರುತ್ತಿತ್ತು.

"ಕಿವಿಗೆ ಮಶಿನ್ ಸಿಕ್ಕಿಸ್ಕಂಡು ದೋಣಿ ಹತ್ತೂದಾ? ಉಪ್ಪುನೀರಿಗೆ ಎರಡು ದಿನ ಬಾಳೂದಿಲ್ಲ ಅದು."

ಹಾಗಾಗಿ ಅವನ ಕಿವಿಯ ಪರೀಕ್ಷೆಯನ್ನು ನಾನೇ ಮಾಡಿದೆ. ದಂಡೆಯ ಮೇಲೆ ಎಂಜಿನ್ ಚಾಲೂ ಮಾಡಿ ಅವನನ್ನು ಪಕ್ಕದಲ್ಲಿ ಕೂರಿಸಿ, ಪೆಟ್ಟಿಗೆಯ ಚೂಪು ಸ್ವರವನ್ನು ಸ್ವಲ್ಪ ಸ್ವಲ್ಪವೇ ದಪ್ಪಗೆ ತಗ್ಗಿಸುತ್ತ, ಉದ್ದ ಮಾಡುತ್ತ ಹೋದೆ. ಕೇಳಿದಾಗ ಕೈ ಎತ್ತು ಎಂದಿದ್ದೆ. ಬಹಳ ಹೊತ್ತು ಅವನ ಕೈ ಮೊಣಕಾಲ ಮೇಲೆಯೇ ಇತ್ತು. ಕೊನೆಗೆ ಎತ್ತಿದ. ಆ ಸದ್ದು ಕೇಳಿ ಅತ್ತೆ, "ಎಮ್ಮೆಕರು ಕೂಗ್ದಂಗೆ ಅದೆ," ಎಂದು ನಕ್ಕಿದ್ದಳು. ಸ್ವರ ಎಷ್ಟು ತಗ್ಗಿರಬೇಕು, ಎಷ್ಟು ಉದ್ದ ಇರಬೇಕು ಎಂಬ ಎರಡು ಅಂಕೆ ಅವತ್ತು ಸಿಕ್ಕವು.

ಆ ಅಂಕೆಗಳನ್ನು ಎಲ್ಲಿ ಇಟ್ಟೆ ಎಂಬುದೇ ಮುಂದಿನ ಅನಾಹುತಕ್ಕೆಲ್ಲ ಮೂಲ. ಪೆಟ್ಟಿಗೆಯೊಳಗೆ ಒಂದು ಪುಟ್ಟ ಕಂಪ್ಯೂಟರ್ ಇದೆ. ತಾರೀಖು ತೋರಿಸುವುದು, ಫೈಲ್ ಓದುವುದು, ಬೀಪ್ ಮಾಡುವುದು, ಹೀಗೆ ಅದಕ್ಕೆ ಬೇಕಾದ ನೂರಾರು ಸಣ್ಣ ಕಮಾಂಡುಗಳು ಒಂದೇ ಕಟ್ಟಾಗಿ ಸಿಗುತ್ತವೆ. ಆ ಕಟ್ಟನ್ನು ನಮ್ಮ ಪೆಟ್ಟಿಗೆಗೆ ತಕ್ಕಂತೆ ಬಿಲ್ಡ್ ಮಾಡುವಾಗ ಯಾವುದು ಬೇಕು, ಯಾವುದು ಬೇಡ, ಹೇಗಿರಬೇಕು ಎಂದು ನಾವೇ ಆರಿಸಬೇಕು. ಮಾವನ ಅಂಕೆಗಳನ್ನು ನಾನು ಆ ಆಯ್ಕೆಗಳಲ್ಲೇ ತುಂಬಿದ್ದೆ. ಬೇರೆಡೆ ಎಲ್ಲೂ ಬರೆದಿರಲಿಲ್ಲ. ಒಂದು ಸಾಲು ಬರೆಯಲಾಗದಷ್ಟು ಸೋಮಾರಿತನ.

ಮೂರು ವರ್ಷದ ಮೇಲೆ ಆ ಕಟ್ಟಿನ ಹೊಸ ಆವೃತ್ತಿ ಬಂತು. ಹಳೆಯದರಲ್ಲಿ ದೋಷಗಳಿದ್ದವು, ಅಪ್‌ಗ್ರೇಡ್ ಮಾಡದೆ ಗತಿ ಇರಲಿಲ್ಲ. ಹಳೆಯ ಆಯ್ಕೆಗಳ ಫೈಲನ್ನು ಮುಂದಿಟ್ಟರೆ ಕಂಪ್ಯೂಟರ್ ಹೊಸ ಪ್ರಶ್ನೆಗಳನ್ನು ಮಾತ್ರ ಕೇಳುತ್ತದೆ. ಹಾಗೆಯೇ ಶುರು ಮಾಡಿದೆ. ಇದು ಬೇಕಾ, ಅದು ಬೇಕಾ, ಇದರೊಳಗೆ ಅದು ಬೇಕಾ. ಎಂಟರ್ ಒತ್ತಿ ಒತ್ತಿ ಬೆರಳು ಸೋತಿತು, ತಲೆ ಕೆಟ್ಟಿತು. ಸಾಯಲಿ ಎಂದು ಅರ್ಧಕ್ಕೇ ನಿಲ್ಲಿಸಿ, ಹಳೆಯ ಫೈಲನ್ನು ಬದಿಗಿಟ್ಟು, ಎಲ್ಲಕ್ಕೂ ಡಿಫಾಲ್ಟ್, ಅಂದರೆ ಕಟ್ಟು ಮಾಡಿದವರೇ ಇಟ್ಟ ಉತ್ತರ, ಇರಲಿ ಎಂಬ ಒಂದೇ ಕಮಾಂಡ್ ಕೊಟ್ಟೆ. ಒಂದು ನಿಮಿಷವೂ ಹಿಡಿಯಲಿಲ್ಲ. ಬೀಪ್ ಇದೆಯಾ ಎಂದು ಪಟ್ಟಿಯಲ್ಲಿ ನೋಡಿದೆ, ಇತ್ತು. ಪೆಟ್ಟಿಗೆಗೆ ಹಾಕಿ ಕೂಗಿಸಿದೆ. ಕೀ ಎಂದು ಚೂಪಾಗಿ, ಚುಟುಕಾಗಿ ಕೇಳಿತು. ಮೊದಲಿಗಿಂತ ಸ್ವಚ್ಛವಾಗಿದೆ ಎಂದೂ ಅನಿಸಿತು. ನನ್ನ ಕಿವಿ ಚೆನ್ನಾಗಿದೆಯಲ್ಲ.

ಮಾವನ ದೋಣಿಗೆ ಅದನ್ನು ಕೂರಿಸಿ, "ಕೇಳ್ತಾ ಮಾವ?" ಎಂದೆ. ಅವನು ಹೂಂ ಎಂದು ತಲೆಯಾಡಿಸಿದ. ಅವನು ನನ್ನ ತುಟಿ ನೋಡಿ ತಲೆಯಾಡಿಸುತ್ತಾನೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಅವನ ಜೊತೆ ದೋಣಿಗೆ ಹೋಗುವ ಪಕ್ಕದ ಮನೆಯವನು, "ಕೇಳ್ತದೆ, ಕೇಳ್ತದೆ," ಎಂದ. ನಾನು ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ.

ಕೆಲವು ವಾರ ಏನೂ ಆಗಲಿಲ್ಲ. ಒಂದು ದಿನ ಪಕ್ಕದ ಮನೆಯವನು ನೆಂಟರ ಮದುವೆಗೆ ಕಾರವಾರಕ್ಕೆ ಹೋದ, ಮಾವ ಬೆಳಿಗ್ಗೆ ಒಬ್ಬನೇ ದೋಣಿ ಇಳಿಸಿದ. ಹಲಗೆಯ ಸಂದಿಯೊಂದು ಬಿಟ್ಟು ತಳಕ್ಕೆ ನೀರು ಬಂದಿದೆ. ಬಲೆ ಎಳೆಯುವ ಗಡಿಬಿಡಿಯಲ್ಲಿ ಅವನಿಗೆ ಗೊತ್ತಾಗಿಲ್ಲ. ಎಂಜಿನ್ ನಿಂತಾಗ ತಿರುಗಿ ನೋಡಿದರೆ ದೋಣಿ ಅರ್ಧ ತುಂಬಿತ್ತು. ಡೀಸೆಲ್ ಕ್ಯಾನ್ ತಬ್ಬಿಕೊಂಡು ತೇಲುತ್ತಿದ್ದವನನ್ನು ಬೇರೆ ದೋಣಿಯವರು ಎಳೆದುಕೊಂಡರು. ಅವನ ದೋಣಿಯನ್ನೂ ಹಗ್ಗ ಹಾಕಿ ಮಧ್ಯಾಹ್ನದ ಹೊತ್ತಿಗೆ ದಂಡೆಗೆ ತಂದರು. ಅದರ ಬೆನ್ನು ಮುರಿದಿತ್ತು.

ನಾನು ಓಡಿ ಹೋದೆ. ಮಾವ ಟವೆಲ್ ಹೊದ್ದು ಮರಳ ಮೇಲೆ ಕೂತಿದ್ದ. ಪೆಟ್ಟಿಗೆ ಕೂಗಲಿಲ್ಲವಾ ಎಂದು ಯಾರೋ ಕೇಳಿದರು. ಅಲ್ಲೇ ಪೆಟ್ಟಿಗೆ ಬಿಚ್ಚಿ, ಕಾರ್ಡನ್ನು ಒರೆಸಿ, ಲ್ಯಾಪ್‌ಟಾಪಿಗೆ ಹಾಕಿ ಎಲ್ಲರೆದುರು ಗಟ್ಟಿಯಾಗಿ ಹೇಳಿದೆ.

"ಕೂಗದೆ ಎಂತ? ಅರ್ಧ ಗಂಟೆ ಬಿಡದೆ ಕೂಗಿದೆ!"

ನನ್ನ ದನಿಯಲ್ಲಿ ಹೆಮ್ಮೆ ಇತ್ತು. ಸುಳ್ಳು ಹೇಳಲಾರೆ, ಇತ್ತು.

ದಂಡೆಯ ಹಿರಿಯರೊಬ್ಬರು ಮಾವನ ಕಿವಿಯ ಹತ್ತಿರ ಬಗ್ಗಿ ಕೂಗಿದರು. "ಇನ್ನು ನೀ ದೋಣಿ ಹತ್ತೂದು ಬ್ಯಾಡ ಮಾರಾಯ. ಜೀವ ಉಳ್ದದ್ದೇ ದೊಡ್ಡದು."

ಮಾವ ನನ್ನ ಕಡೆ ನೋಡಲಿಲ್ಲ. "ಹುಡ್ಗಿ ಪೆಟ್ಗೆ ಸಮ ಇತ್ತು. ನನ್ನ ಕಿವೀನೇ ಸತ್ತದೆ," ಎಂದ.

ಅವತ್ತು ಸಂಜೆ ಅಂಗಡಿಯಲ್ಲಿ ಹೊಸ ಪೆಟ್ಟಿಗೆಯೊಂದನ್ನು ಕೂಗಿಸಿದೆ. ಕೀ ಎಂದಿತು. ಎಮ್ಮೆಕರು ಎಲ್ಲಿ? ಆಯ್ಕೆಗಳ ಫೈಲ್ ತೆರೆದೆ. ಮಾವನ ಎರಡು ಅಂಕೆಗಳ ಜಾಗದಲ್ಲಿ, ಅವನನ್ನು ಕಂಡೇ ಇರದ ಯಾರೋ ಇಟ್ಟ ಡಿಫಾಲ್ಟ್ ಅಂಕೆಗಳು ಕೂತಿದ್ದವು. ಕುಕ್ಕರ್ ಸೀಟಿಗಿಂತ ಚೂಪಾದ, ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯುವ ಸದ್ದು. ಅದು ಅರ್ಧ ಗಂಟೆಯಲ್ಲ, ಅರ್ಧ ದಿನ ಕೂಗಿದ್ದರೂ ಅವನಿಗೆ ಕೇಳುತ್ತಿರಲಿಲ್ಲ.

ಆಗಲೇ ಬಸ್ ಹತ್ತಿ ಹೋಗಿ ಹೇಳಬೇಕಿತ್ತು, ಹೋಗಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ಒಂದು ವಾರದೊಳಗೆ ಎಲ್ಲ ದೋಣಿಗಳಿಗೂ ಅಲೆದು, ಸಣ್ಣ ಅಪ್‌ಗ್ರೇಡ್ ಇದೆ ಎಂದು ಹೇಳಿ ಸದ್ದು ಬದಲಿಸಿದೆ. ನನ್ನ ಪೆಟ್ಟಿಗೆಯ ಮೇಲಿನ ನಂಬಿಕೆ ಹೋದರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂದು ಹೆದರಿದ್ದೆ. ಹೆದರಿಕೆ ಅಷ್ಟೇ, ಅದಕ್ಕೆ ದೊಡ್ಡ ಹೆಸರು ಬೇಡ.

ಮಾವ ಮತ್ತೆ ಸಮುದ್ರಕ್ಕೆ ಇಳಿಯಲಿಲ್ಲ. ಬಲೆ ಹೊಲಿಯುವವರ ಜೊತೆ ಕೂರುವುದನ್ನೂ ಬಿಟ್ಟ. ಅವರು ಕಿವಿಯಲ್ಲಿ ಕಿರುಚಿ ನಗುತ್ತಿದ್ದರು. ಆದರೆ ಹೊಸ ದೋಣಿಯವರು ಯಾರಾದರೂ ಬಂದರೆ ತಾನೇ ಕರೆದು ಹೇಳುತ್ತಿದ್ದ. "ನಮ್ಮ ಹುಡ್ಗಿ ಪೆಟ್ಗೆ ತಕಳಿ. ಅದು ಕೂಗ್ತದೆ. ಕಿವಿ ಸತ್ತವ್ನಿಗೆ ಅದೆಂತ ಮಾಡೂಕಾಗ್ತದೆ?" ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ಹೋಗಿಬಿಟ್ಟ.

ಕಳೆದ ತಿಂಗಳು ಅತ್ತೆಯ ಹತ್ತಿರ ಹೇಳಿದೆ. ಅವಳು ಜಗಲಿಯಲ್ಲಿ ಒಣ ಸಿಗಡಿ ಆರಿಸುತ್ತಿದ್ದಳು. ಡಿಫಾಲ್ಟ್ ಎಂದರೆ ಅವಳಿಗೇನು ಗೊತ್ತು?

"ಮಾವಂಗೆ ಕೇಳೂ ಸದ್ದು ತೆಗ್ದು ಕೇಳ್ದೇ ಇರೂ ಸದ್ದು ಹಾಕಿಬಿಟ್ಟಿದ್ದೆ ಅತ್ತೆ. ನೋಡ್ದೆ ಹಾಕ್ದೆ. ಅವನ ಕಿವಿದು ತಪ್ಪಿಲ್ಲ," ಎಂದೆ.

ಅವಳ ಕೈ ನಿಂತಿತು. "ಯಾವಾಗ ಗೊತ್ತಾಯ್ತು ನಿಂಗೆ?"

"ಅವತ್ತೇ. ಸಂಜೆಗೆ."

ಅವಳು ಬಯ್ಯುತ್ತಾಳೆ ಎಂದು ಕಾದೆ. ಬಯ್ದಿದ್ದರೆ ಚೆನ್ನಾಗಿತ್ತು.

"ಸಾಯೂ ತನಕ ನಿನ್ನ ಮಾವ ನನ್ನ ಹತ್ರ ಒಂದೇ ಕೇಳ್ತಿದ್ರು," ಎಂದಳು. "ಎಮ್ಮೆಕರಿನ ಸದ್ದು ನಂಗೆ ಕೇಳ್ತಿತ್ತಲ್ಲೇ, ಅವತ್ತೊಂದಿನ ಎಂತಕ್ಕೆ ಕೇಳ್ಲಿಲ್ಲ ಅಂತ. ನಾ ಎಂತ ಹೇಳ್ಲಿ? ವಯಸ್ಸಾಯ್ತು ನಿಮ್ಗೆ, ಅಂದೆ."