ಅಮ್ಮ ಓದಿದ ಒಪೆರಾ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನ ಅಮ್ಮ ಕೆಲಸ ಮಾಡುತ್ತಿದ್ದ ಗಾರ್ಮೆಂಟ್ಸ್‌ನಲ್ಲೇ ನಿಂತು ಷರ್ಟುಗಳ ದಾರ ಕತ್ತರಿಸುವ ಕೆಲಸ. ಹೀಗೆ ಬಿ.ಎ. ಆಯಿತು, ಆಮೇಲೆ ಕನ್ನಡ ಎಂ.ಎ. ಈಗ ಹೆಬ್ಬಾಳದ ಹತ್ತಿರದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಆದ್ದರಿಂದ ಒಪೆರಾಕ್ಕೆ ಕನ್ನಡ ಸಾಲು ಬರೆಯಬೇಕೆಂದು ಕೇಳಿಕೊಂಡು ಬಂದಾಗ, ನನ್ನನ್ನಲ್ಲದೆ ಇನ್ನಾರನ್ನು ಕೇಳುತ್ತಾರೆ ಎಂದುಕೊಂಡೆ. ಡಿಸೆಂಬರಿನಲ್ಲಿ ನಮ್ಮ ವಿಭಾಗದಲ್ಲಿ ಬೇರೆ ಯಾರಿಗೂ ಬಿಡುವಿರಲಿಲ್ಲ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಕೇಳಿಕೊಂಡು ಬಂದವರು ಆರ್.ಟಿ. ನಗರದಲ್ಲಿ ಪಾಶ್ಚಾತ್ಯ ಹಾಡುಗಾರಿಕೆ ಕಲಿಸುವ ಮೇಷ್ಟ್ರು. ಅವರ ಶಿಷ್ಯರು, ಜೊತೆಗೆ ಹೊರದೇಶದಿಂದ ಬರುವ ಇಬ್ಬರು ಗಾಯಕರು ಸೇರಿ, ಯಲಹಂಕದ ಒಂದು ಶಾಲೆಯ ಸಭಾಂಗಣದಲ್ಲಿ ಎರಡು ಭಾನುವಾರ ಮಧ್ಯಾಹ್ನ ಒಪೆರಾ ಮಾಡುವವರಿದ್ದರು. ನಮ್ಮ ಕಂಪನಿ ನಾಟಕದಲ್ಲಿ ಮಾತಿನ ನಡುವೆ ಹಾಡು ಬಂದರೆ, ಇದರಲ್ಲಿ ಮಾತೇ ಇಲ್ಲ. ‘ಬಾ, ಕೂತುಕೋ’ ಎನ್ನುವುದನ್ನೂ ಹಾಡಿಯೇ ಹೇಳಬೇಕು, ಅದೂ ಇಟಾಲಿಯನ್ ಭಾಷೆಯಲ್ಲಿ. ಶಾಲೆಯವರು ಸಭಾಂಗಣ ಕೊಡುವಾಗ ಒಂದೇ ಮಾತು ಹೇಳಿದ್ದರು: ಸುತ್ತಮುತ್ತಲಿನ ಜನ ಬರಬೇಕು, ಬಂದವರಿಗೆ ಅರ್ಥವಾಗಬೇಕು. ಅದಕ್ಕೇ ವೇದಿಕೆಯ ಮೇಲ್ಗಡೆ ಉದ್ದನೆಯ ಪರದೆ ಕಟ್ಟಿ, ಹಾಡಿದ್ದನ್ನು ಅದರ ಮೇಲೆ ಕನ್ನಡದಲ್ಲಿ ತೋರಿಸುವುದೆಂದಾಯಿತು. ಸಾಲು ಬರೆಯುವುದೂ ನಾನೇ, ಹಿಂದೆ ಕೂತು ಗುಂಡಿ ಒತ್ತಿ ಒಂದೊಂದಾಗಿ ಬದಲಿಸುವುದೂ ನಾನೇ.

ಕತೆ ಯಾವುದೋ ಕಡಲತೀರದ ಹಳೆಯ ನಂಬಿಕೆಯದು. ಬಿರುಗಾಳಿಯಲ್ಲಿ ತನ್ನ ಜೀವ ಉಳಿಸಿಕೊಳ್ಳಲು ಒಬ್ಬ ಅಂಬಿಗ ಜೊತೆಯ ದೋಣಿಯ ಹಗ್ಗ ಕಡಿದುಬಿಡುತ್ತಾನೆ. ಆ ದೋಣಿಯವರೆಲ್ಲ ಮುಳುಗುತ್ತಾರೆ. ಅಂದಿನಿಂದ ಸಮುದ್ರ ಅವನನ್ನು ಮುಳುಗಿಸುವುದೂ ಇಲ್ಲ, ದಡಕ್ಕೆ ಬಿಡುವುದೂ ಇಲ್ಲ. ವರ್ಷಕ್ಕೆ ಒಂದು ದಿನ ಮಾತ್ರ ಅವನು ನೆಲ ಮೆಟ್ಟಬಹುದು. ದಡದಲ್ಲಿ ಹಗ್ಗ ಹೊಸೆಯುವವನ ಮಗಳು ಅವನನ್ನು ಮೆಚ್ಚುತ್ತಾಳೆ. ಅವಳು ಯಾರಿಗೂ ಹೇಳದೆ ಮೂರು ವರ್ಷ ಕಾದರೆ ಅವನ ಶಾಪ ಕಳೆಯುತ್ತದೆ. ಮೂರನೆಯ ವರ್ಷ, ಏನೂ ತಿಳಿಯದ ಅಪ್ಪ ಅವಳಿಗೆ ಬೇರೆ ಗಂಡು ಗೊತ್ತುಮಾಡುತ್ತಾನೆ. ಮದುವೆಯ ಚಪ್ಪರ ಕಂಡ ಅಂಬಿಗ ಅವಳು ಕೈಬಿಟ್ಟಳೆಂದುಕೊಂಡು ದೋಣಿ ತಿರುಗಿಸುತ್ತಾನೆ. ಅವಳು ಅವನ ಹಿಂದೆಯೇ ನೀರಿಗೆ ನಡೆದುಹೋಗುತ್ತಾಳೆ. ಆಗ ಸಮುದ್ರ ಇಬ್ಬರನ್ನೂ ತೆಗೆದುಕೊಳ್ಳುತ್ತದೆ.

ನಾನು ಈ ಕೆಲಸ ಒಪ್ಪಿಕೊಂಡದ್ದು ಅಮ್ಮನಿಗಾಗಿ. ನಾನು ಓದಿ ಏನಾದೆ ಎಂಬುದನ್ನು ಅಮ್ಮ ಎಂದೂ ಕಣ್ಣಾರೆ ನೋಡಿರಲಿಲ್ಲ. ಘಟಿಕೋತ್ಸವದ ದಿನ ಅವಳಿಗೆ ರಜೆ ಸಿಗಲಿಲ್ಲ. ನನ್ನ ಪಾಠ ಕೇಳಲು ಕಾಲೇಜಿಗೆ ಬರುವ ಹಾಗಿಲ್ಲ. ಈ ಒಪೆರಾದಲ್ಲಾದರೆ ನನ್ನ ಕನ್ನಡ ಗೋಡೆಯಷ್ಟು ದೊಡ್ಡದಾಗಿ ಅವಳೆದುರಿಗೆ ಬರುತ್ತದೆ. ಪಕ್ಕದವರು ಕತೆ ಹೇಳಬಾರದು, ಅಮ್ಮ ತಾನೇ ಓದಿ ತಿಳಿಯಬೇಕು. ನನಗೆ ಬೇಕಾಗಿದ್ದುದು ಅಷ್ಟೇ.

ಆದರೆ ಬರೆಯಲು ಕೂತಾಗ ಅಮ್ಮ ಮರೆತುಹೋದಳು, ಎಂ.ಎ. ನೆನಪಾಯಿತು. ‘ಎಲೈ ವಾರಿಧಿಯೇ, ನಿನ್ನ ಅನಂತ ತರಂಗಗಳಿಂದಲೂ ಎನ್ನ ವಿರಹಾಗ್ನಿಯು ಶಮನವಾಗದೇ’ ಎಂದು ಬರೆದೆ. ಆರುನೂರು ಸಾಲೂ ಇದೇ ಗತ್ತಿನವು. ಮೇಷ್ಟ್ರಿಗೆ ಬಹಳ ಖುಷಿಯಾಯಿತು. “ಮೇಡಂ, ಏನ್ ಕನ್ನಡ ರೀ! ನನಗೇ ಅರ್ಧ ಅರ್ಥ ಆಗ್ಲಿಲ್ಲ,” ಎಂದರು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದೆ.

ಮೊದಲ ಪ್ರದರ್ಶನಕ್ಕೆ ಹತ್ತು ದಿನ ಇರುವಾಗ ಮನೆಯಲ್ಲಿ ಲ್ಯಾಪ್‌ಟಾಪನ್ನು ಟಿ.ವಿ.ಗೆ ಜೋಡಿಸಿ, ಹಾಡಿನ ರೆಕಾರ್ಡಿಂಗ್ ಹಾಕಿ, ಸಾಲುಗಳನ್ನು ಬಿಟ್ಟು ನೋಡಿದೆ. ಅಮ್ಮ ಚಾಪೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಜೊತೆಗೆ ಹಿಂದಿನ ಬೀದಿಯವರು, ನಾನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವವರು. ಗಾರ್ಮೆಂಟ್ಸ್‌ನಲ್ಲಿ ಅಮ್ಮನ ಪಕ್ಕದ ಮಿಷನ್ನಿನಲ್ಲಿ ವರ್ಷಗಟ್ಟಲೆ ಹೊಲಿದವರು. ಅವರಿಗೆ ಉರ್ದು ಓದಲು ಬರುತ್ತದೆ, ಕನ್ನಡ ಮಾತಾಡಲು ಮಾತ್ರ.

ಹತ್ತು ನಿಮಿಷವಾದ ಮೇಲೆ ಕೇಳಿದೆ. “ಹೇಗಿದೆ ಅಮ್ಮ?”

“ಸಂದಾಗೈತೆ ಕಣಮ್ಮ,” ಎಂದಳು ಅಮ್ಮ, ತಲೆ ಎತ್ತದೆ.

“ಚೆಂದ ಏನು? ನೋಡ್ತಾನೇ ಇಲ್ಲ ನಿಮ್ಮಮ್ಮ,” ಎಂದರು ಖಾಲಾ. “ಅವಾಗಿಂದ ಕಾಯೇ ನೋಡ್ತಾವ್ರೆ.”

“ನೀನ್ ಸುಮ್ಕಿರೆ.”

“ಯಾಕ್ ಸುಮ್ಕಿರ್ಲಿ? ಮಗಳು ಕೇಳ್ತಾ ಅವ್ಳೆ, ನಿಜ ಹೇಳಿ ಅಕ್ಕಾ.”

ಅಮ್ಮ ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡಿದಳು. ಆಮೇಲೆ ನನ್ನ ಮುಖ ನೋಡಿದಳು. “ನಾನು ‘ಎಲೈ’ ಅಂತ ಓದ್ಕೊಳ್ಳೋದ್ರಾಗೆ ಅದು ಒಂಟೋಯ್ತದೆ ಕಣೆ. ಮುಂದಿಂದು ಬತ್ತದೆ. ಅದ್ರಾಗೂ ಒಂದಕ್ಷರ. ತಪ್ಪು ತಿಳ್ಕೋಬ್ಯಾಡ. ದೊಡ್ಡೋರಿಗೆ ಬರ್ದಿದ್ದು, ನಂಗೆಂಗ್ ಗೊತ್ತಾದಾತು? ನಾನು ಆಡು ಕೇಳ್ಕೊಂಡು ಬತ್ತೀನಿ ಬಿಡು.”

ನನಗೆ ಮುಖ ಬಿಸಿಯಾಯಿತು. ಅವಳ ಮೇಲಿನ ಸಿಟ್ಟಿಗಲ್ಲ. ದೊಡ್ಡವರಿಗೆ ಬರೆದದ್ದು ಎಂದಳಲ್ಲ, ಅದು ಸರಿಯಾಗಿತ್ತು.

“ಮತ್ತೆ ಹೊರಗಡೆ ಎಲ್ಲ ಓದ್ತೀಯಲ್ಲಮ್ಮ?” ಎಂದೆ.

“ಬಸ್ ಬೋರ್ಡಾ? ಅದು ಓದ್ತೀನಿ. ಗೊರಗುಂಟೆಪಾಳ್ಯದಾಗೆ ಬಸ್ಸು ನಿಂತ್ಕೊಂಡು ಓದಿಸ್ತದಾ? ಬತ್ತಾ ಇದ್ದಂಗೇ ಓದ್ಬೇಕು, ಓಡೋಗಿ ಅತ್ಬೇಕು. ಒಂದು ದಿನಾನೂ ತಪ್ಪು ಬಸ್ ಅತ್ಲಿಲ್ಲ ನಾನು.”

ಅಮ್ಮ ಎರಡನೆಯ ಕ್ಲಾಸಿಗೇ ಶಾಲೆ ಬಿಟ್ಟವಳು. ಅವಳಿಗೆ ಓದು ಕೂಡಿಬಂದದ್ದು ಆ ಜಂಕ್ಷನ್ನಿನಲ್ಲೇ, ಮುಂಜಾನೆಯ ಶಿಫ್ಟಿಗೆ ಹೋಗುವ ಅವಸರದಲ್ಲಿ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಲೆಕ್ಕಕ್ಕೆ ಇಟ್ಟಿರಲಿಲ್ಲ.

ಮಾರನೆಯ ದಿನದಿಂದ ಎಲ್ಲ ಸಾಲುಗಳನ್ನೂ ಮೊದಲಿಂದ ಬರೆದೆ. ಕಾಲೇಜಿಗೆ ಹೋಗುವಾಗ ಗೊರಗುಂಟೆಪಾಳ್ಯದಲ್ಲಿ ನಿಂತು ಬರುವ ಬಸ್ಸುಗಳನ್ನು ನೋಡುತ್ತಿದ್ದೆ. ಬೋರ್ಡು ಕಣ್ಣಿಗೆ ಬಿದ್ದು ಬಸ್ಸು ದಾಟಿಹೋಗುವಷ್ಟರಲ್ಲಿ ಮೂರು ಪದ ಸಲೀಸು, ನಾಲ್ಕು ಕಷ್ಟ, ಐದಾದರೆ ಬಸ್ಸು ತಪ್ಪಿದಂತೆಯೇ. ಹಾಡುವವರು ಒಂದೇ ಮಾತನ್ನು ನಾಲ್ಕು ಸಲ ಎಳೆದರೆ ಒಂದೇ ಸಾಲು ಸಾಕು, ಎರಡು ದನಿ ಸೇರಿದರೆ ಒಂದನ್ನು ಬಿಡಬೇಕು. ಒತ್ತಕ್ಷರದ ಮೇಲೆ ಒತ್ತಕ್ಷರ ಬೇಡ. ವಾರಿಧಿ ಹೋಗಿ ಸಮುದ್ರ ಬಂತು. ವಿರಹಾಗ್ನಿ ಹೋಯಿತು, ಅದರ ಜಾಗಕ್ಕೆ ಏನೂ ಬರಲಿಲ್ಲ. ಅಷ್ಟುದ್ದದ ಸಾಲು ಕೊನೆಗೆ ‘ಸಮುದ್ರವೇ, ಅವನನ್ನು ಬಿಡು’ ಎಂದಾಯಿತು. ಸಣ್ಣದು ಬರೆಯುವುದಕ್ಕೆ ದೊಡ್ಡದು ಬರೆದದ್ದಕ್ಕಿಂತ ಹೆಚ್ಚು ಬೆವರು ಸುರಿಸಿದೆ. ಷರ್ಟಿಗೆ ಅಂಟಿದ ದಾರವನ್ನು ಬಟ್ಟೆಗೆ ತಾಗದಂತೆ ಕತ್ತರಿಸುವುದು ನನಗೆ ಹೊಸದಾಗಿರಲಿಲ್ಲ, ಅದೊಂದು ಅನುಕೂಲವಾಯಿತು.

ರಿಹರ್ಸಲ್ಲಿನಲ್ಲಿ ಹೊಸ ಸಾಲುಗಳನ್ನು ಕಂಡು ಮೇಷ್ಟ್ರ ಮುಖ ಸಪ್ಪಗಾಯಿತು.

“ಏನ್ ಮೇಡಂ, ಆ ಗಾಂಭೀರ್ಯ ಎಲ್ಲ ಎಲ್ ಹೋಯ್ತು? ಇದು ಒಪೆರಾ ಅಲ್ವಾ? ನೋಡ್ದೋರು ಇದೇನಾ ಎಂ.ಎ. ಕನ್ನಡ ಅಂತಾರೆ.”

“ಅನ್ಲಿ ಸರ್. ಆ ಹುಡುಗಿ ಹಗ್ಗ ಹೊಸೆಯೋಳು. ಅವಳಿಗೆ ವಾರಿಧಿ ಅಂತ ಯಾರ್ ಹೇಳ್ಕೊಟ್ರು?”

ಅವರು ತಲೆ ಕೆರೆದುಕೊಂಡರು. “ನಿಮ್ಮ ಹೆಸರೇ ಹಾಕ್ತೀವಿ, ಬೈಸಿಕೊಳ್ಳೋದು ನೀವೇ,” ಎಂದರು. “ಹಾಕಿ,” ಎಂದೆ.

ಮೊದಲ ಪ್ರದರ್ಶನದ ಭಾನುವಾರ ಮಧ್ಯಾಹ್ನ ಅಮ್ಮ ಮದುವೆಮನೆಗೆ ಉಡುವ ಸೀರೆ ಉಟ್ಟು ಬಂದಳು. ಖಾಲಾ ಕೈಯಲ್ಲಿ ನಿಪ್ಪಟ್ಟಿನ ಡಬ್ಬಿ. ಇಬ್ಬರನ್ನೂ ಐದನೆಯ ಸಾಲಿನಲ್ಲಿ ಕೂರಿಸಿ ನಾನು ಹಿಂದೆ ಗುಂಡಿಯ ಹತ್ತಿರ ಹೋದೆ. ಅಲ್ಲಿಂದ ನನಗೆ ಅವರ ತಲೆಗಳ ಹಿಂಭಾಗ ಮಾತ್ರ ಕಾಣುತ್ತಿತ್ತು. ದೀಪ ಆರಿತು, ವಾದ್ಯಗಳು ಎದ್ದವು, ಮೊದಲ ಸಾಲು ಬಿಟ್ಟೆ: ‘ಗಾಳಿ ಬರುತ್ತಿದೆ, ಹಗ್ಗ ಬಿಗಿಯಿರಿ.’ ಅಮ್ಮನ ತಲೆ ಮೇಲೆದ್ದಿತು. ಮುಂದಿನ ಸಾಲು ಬಂದಾಗ ವೇದಿಕೆಯ ಕಡೆ ಇಳಿದು ಮತ್ತೆ ಮೇಲೆದ್ದಿತು. ಅವಳು ಓದುತ್ತಿದ್ದಾಳೋ, ಪರದೆಯ ಬೆಳಕನ್ನು ನೋಡುತ್ತಿದ್ದಾಳೋ ನನಗೆ ಗೊತ್ತಾಗಲಿಲ್ಲ. ಬೆರಳು ತಪ್ಪದಂತೆ ಒತ್ತುತ್ತಾ ಹೋದೆ.

ಅಂಬಿಗ ಮೊದಲ ಸಲ ದಡಕ್ಕೆ ಬಂದಾಗ ಅಮ್ಮ ಖಾಲಾ ಕಡೆ ಬಾಗಿದಳು. ಮತ್ತೊಂದು ಸಾಲು ಬಂತು, ಮತ್ತೆ ಬಾಗಿದಳು. ಸಾಲು ಸಾಲಿಗೂ ಬಾಗುತ್ತಿದ್ದಳು. ಮುಂದಿನ ಕುರ್ಚಿಯ ಹೆಂಗಸೊಬ್ಬರು ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ಅಮ್ಮ ನೆಟ್ಟಗೆ ಕೂತಳು. ಎರಡು ಸಾಲು ಕಳೆದ ಮೇಲೆ ಮತ್ತೆ ಬಾಗಿದಳು.

ಬಿಡುವಿನಲ್ಲಿ ಓಡಿಹೋದೆ. ಅಮ್ಮ ಅದೇ ಹೆಂಗಸಿನ ಎದುರಿಗೆ ನಿಂತಿದ್ದಳು.

“ಬೇಜಾರ್ ಮಾಡ್ಕೋಬ್ಯಾಡಿ ಅಮ್ಮಾ,” ಎನ್ನುತ್ತಿದ್ದಳು. “ಇವ್ಳಿಗೆ ಕನ್ನಡ ಓದಕ್ ಬರಲ್ಲ. ನಾನು ಓದಿ ಏಳ್ತಾ ಇದೀನಿ.”

ಆ ಹೆಂಗಸು ನಕ್ಕು, ಮೆಲ್ಲಗೆ ಹೇಳಿ ಸಾಕು ಎಂದರು. ಖಾಲಾ ಆಕೆಗೂ ಒಂದು ನಿಪ್ಪಟ್ಟು ಕೊಟ್ಟರು. ನಾನು ಗುಂಡಿಯ ಹತ್ತಿರಕ್ಕೆ ವಾಪಸ್ಸು ಬಂದೆ. ಅಲ್ಲೇ ನಿಂತಿದ್ದರೆ ಅತ್ತುಬಿಡುತ್ತಿದ್ದೆ, ಇನ್ನೂ ಮುನ್ನೂರು ಸಾಲು ಬಾಕಿಯಿದ್ದವು.

ಮುಗಿದಾಗ ಹೊರಗೆ ಇನ್ನೂ ಬಿಸಿಲಿತ್ತು. ಜಾಲಹಳ್ಳಿ ಮೇಲೆ ಹೋಗುವ ಬಸ್ಸಿನಲ್ಲಿ ಮೂವರಿಗೂ ಸೀಟು ಸಿಕ್ಕಿತು. ಬಸ್ಸು ಹೊರಟ ಕೂಡಲೇ ಅಮ್ಮ ಶುರು ಮಾಡಿದಳು.

“ಕೈಯಾಗೆ ಕೆಲ್ಸ ಇದ್ದ ಉಡ್ಗಿ ಅವ್ಳು. ಒಂದ್ ಮಾತು ಅಪ್ಪಂಗೆ ಏಳಿದ್ರೆ ಆಗ್ತಿರ್ಲಿಲ್ವಾ?”

“ಹೇಳ್ಬಾರ್ದು ಅಂತ ಶಾಪ ಅಲ್ವಾ ಅಕ್ಕಾ? ನೀವೇ ಓದಿ ಹೇಳಿದ್ರಿ,” ಎಂದರು ಖಾಲಾ.

“ಊಂ, ಅದೂ ನಿಜವೇ. ಆದ್ರೂ ನೀರಿಗೆ ಇಳಿಯೋದಾ?”

“ಅದಿರ್ಲಿ ಅಕ್ಕಾ, ಮನೆ ತುಂಬಾ ಹಗ್ಗ ಇತ್ತಲ್ಲ. ಒಂದು ಎಸೆದು ದೋಣೀನೇ ಎಳ್ಕೊಂಡಿದ್ರೆ?”

ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ ಮೂವರೂ ನಕ್ಕೆವು. ನಗು ನಿಂತ ಮೇಲೆ ಅಮ್ಮ ನನ್ನ ಮೊಣಕೈ ತಿವಿದಳು.

“ಎಲ್ಲಾ ನೀನೇ ಬರ್ದಿದ್ದಲ್ವಾ? ಬರೋ ವಾರ ಇನ್ನೊಂದು ಆಟ ಐತೆ ಅಂದೆ. ಬದುಕಿಸ್ಬಿಡು ಅವ್ಳನ್ನ.”

“ಅದು ನನ್ನ ಕೈಲಿಲ್ಲಮ್ಮ. ಅವ್ರು ಹಾಡಿದ್ದನ್ನ ನಾನು ಬರೀಬೇಕು ಅಷ್ಟೇ.”

“ಇಷ್ಟೊಂದು ಓದೀಯ, ಅಷ್ಟು ಮಾಡಕ್ಕಾಗಲ್ವಾ?” ಎಂದಳು ಅಮ್ಮ. ಅವಳ ದನಿಯಲ್ಲಿ ನಿಜವಾದ ಅಸಮಾಧಾನವಿತ್ತು. ಗೊರಗುಂಟೆಪಾಳ್ಯದವರೆಗೂ ಆ ಹುಡುಗಿಯನ್ನು ಉಳಿಸುವ ದಾರಿಗಳನ್ನು ಒಂದೊಂದಾಗಿ ಹೇಳುತ್ತಲೇ ಇದ್ದಳು.