ಹಿಂದಕ್ಕೆ ನಡೆದ ಹೆಂಡತಿ

ಸಿನಿಮಾ ಕಂಡುಹಿಡಿದವರು ಯಾರು ಎಂದು ಒಂದು ತಿಂಗಳು ಓದಿ, ಓದುವ ಮೊದಲು ನನಗಿದ್ದ ಅಲ್ಪಸ್ವಲ್ಪ ಜ್ಞಾನವನ್ನೂ ಕಳೆದುಕೊಂಡೆ. ಮಸ್ಕತ್ತಿನ ನಮ್ಮ ಕನ್ನಡದವರ ಕೂಟದಲ್ಲಿ ಆ ವಿಷಯವಾಗಿ ಇಪ್ಪತ್ತು ನಿಮಿಷ ಮಾತಾಡಲು ಒಪ್ಪಿಕೊಂಡಿದ್ದೆ. ಅಮೆರಿಕದ ಪುಸ್ತಕ ಅಮೆರಿಕದವನೇ ಎಂದಿತು. ಫ್ರಾನ್ಸಿನದು ಫ್ರಾನ್ಸಿನ ಅಣ್ಣತಮ್ಮಂದಿರೇ ಎಂದಿತು. ಅವರಿಗಿಂತ ಕೆಲವು ವಾರ ಮೊದಲೇ ನಾವು ಟಿಕೆಟ್ ಇಟ್ಟು ತೋರಿಸಿದ್ದೆವು ಎಂದು ಜರ್ಮನಿಯವರ ತಕರಾರು. ಇವರೆಲ್ಲರಿಗಿಂತ ಮೊದಲು ಚಿತ್ರ ತೆಗೆದ ಇನ್ನೊಬ್ಬನಿದ್ದನಂತೆ. ಅವನು ರೈಲು ಹತ್ತಿದ್ದನ್ನು ಕಂಡವರಿದ್ದಾರೆ, ಇಳಿದದ್ದನ್ನು ಕಂಡವರಿಲ್ಲ. ಹೀಗಾಗಿ ಅವನ ಕಡೆಯ ಅಹವಾಲು ಇನ್ನೂ ಬಾಕಿ.

ನನಗೆ ಸರಿಯಾಗಿ ಅರ್ಥವಾದದ್ದು ಕುದುರೆಯ ಪ್ರಸಂಗ ಒಂದೇ. ಓಡುವ ಕುದುರೆಯ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುತ್ತವೆಯೋ ಇಲ್ಲವೋ ಎಂದು ದೊಡ್ಡವರ ನಡುವೆ ವಾದ ಹುಟ್ಟಿತ್ತು. ಒಬ್ಬ ಫೋಟೋಗ್ರಾಫರ್ ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ, ಒಂದರ ಹಿಂದೊಂದು ಚಿತ್ರ ತೆಗೆದು, ಬಿಡುತ್ತವೆ ಎಂದು ತೋರಿಸಿಬಿಟ್ಟ. ಅಂಥ ಚಿತ್ರಗಳನ್ನೇ ಪುಟ್ಟ ಪುಸ್ತಕವಾಗಿ ಹೊಲಿದು, ಹೆಬ್ಬೆರಳಲ್ಲಿ ಸರ್ರನೆ ಬಿಟ್ಟು, ಮನುಷ್ಯರು ನಡೆಯುವುದನ್ನು ಆ ಕಾಲದವರು ನೋಡುತ್ತಿದ್ದರು. ವಾದವೊಂದನ್ನು ಫೋಟೋಗಳಿಂದ ತೀರಿಸಬಹುದು ಎಂಬುದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಮನೆಯಲ್ಲೂ ಒಂದು ವಾದ ನಡೆದಿತ್ತು.

ಕಚೇರಿಯಿಂದ ಕಾಗದ ಬಂದಿತ್ತು. ಇನ್ನೆರಡು ವರ್ಷ ಇಲ್ಲೇ ಇರುವುದಾದರೆ ಭಾನುವಾರದೊಳಗೆ ಸಹಿ ಮಾಡಿ ಕೊಡಬೇಕು. ನನಗೆ ಇರುವ ಮನಸ್ಸು, ಹೆಂಡತಿಗೆ ಮೈಸೂರಿಗೆ ಹೋಗುವ ಮನಸ್ಸು.

“ಬರುವಾಗ ಅಳ್ತಾ ಬಂದೆ,” ಎಂದಳು ಅವಳು. “ಹೋಗುವಾಗಲಾದರೂ ನಗ್ತಾ ಹೋಗ್ತೀನಿ ಬಿಡಿ.”

“ನೀನು ನಗ್ತಾನೇ ಬಂದೆ ಕಣೇ. ನಾನೇ ನಿಂತು ನೋಡಿದೀನಿ.”

“ನೀವೆಲ್ಲಿ ನೋಡಿದ್ರಿ? ನಿಮ್ಮ ಮುಖದ ಮೇಲೆ ಕ್ಯಾಮೆರಾ ಇತ್ತು.”

ಕ್ಯಾಮೆರಾ ಇದ್ದದ್ದು ನಿಜ. ಮೂವತ್ತು ಚಿಲ್ಲರೆ ವರ್ಷದ ಹಿಂದೆ ಅವಳು ಮೊದಲ ಸಲ ಬಂದಿಳಿದ ದಿನ, ಕಟ್ಟಡದ ಕೆಲಸ ಎಲ್ಲಿಗೆ ಬಂತೆಂದು ಚಿತ್ರ ತೆಗೆಯುವ ಕಚೇರಿಯ ಕ್ಯಾಮೆರಾವನ್ನು ಕೇಳಿ ತಂದಿದ್ದೆ. ಅದಕ್ಕೆ ಮೋಟಾರು ಇತ್ತು; ಗುಂಡಿ ಒತ್ತಿ ಹಿಡಿದಷ್ಟು ಹೊತ್ತೂ ಒಂದರ ಹಿಂದೊಂದು ಚಿತ್ರ ತೆಗೆಯುತ್ತಲೇ ಇರುತ್ತಿತ್ತು. ಗುಂಡಿ ಒತ್ತಿದೆ, ಒತ್ತಿದ ಬೆರಳು ಗಾಬರಿಯಲ್ಲಿ ಅಲ್ಲೇ ಉಳಿಯಿತು. ಗಾಜಿನ ಬಾಗಿಲಿಂದ ಅವಳು ನನ್ನ ಬಳಿಗೆ ಬರುವಷ್ಟರಲ್ಲಿ ಮೂವತ್ತಾರು ಚಿತ್ರದ ರೀಲು ಮುಗಿದಿತ್ತು. ಒಂದು ರೀಲು ದಂಡ ಮಾಡಿದವನೆಂದು ಅಂದಿನಿಂದ ನನಗೆ ಮನೆಯಲ್ಲಿ ಹೆಸರು.

ಆ ಚಿತ್ರಗಳನ್ನು ಹುಡುಕಿ ತೆಗೆದು, ಅಲ್ ಮಬೇಲಾದಲ್ಲಿ ಪ್ರಿಂಟಿಂಗ್ ಅಂಗಡಿ ಇಟ್ಟಿರುವ ಮಂಗಳೂರು ಕಡೆಯ ಬ್ಯಾರಿಯ ಮುಂದೆ ಹರಡಿದೆ. ಅವರು ಕನ್ನಡಕ ಏರಿಸಿದರು.

“ಎಂಥ ಸಾರ್ ಇದು, ಒಂದೇ ಫೋಟೋ ಮೂವತ್ತಾರು ಉಂಟಲ್ಲ?”

“ಒಂದೇ ಅಲ್ಲ. ಕಾಲು ನೋಡಿ.”

ಅವರು ಬಹಳ ಹೊತ್ತು ಕಾಲು ನೋಡಿದರು. “ಹೌದು ಮಾರಾಯ್ರೆ. ಅಮ್ಮ ನಡೀತಾ ಇದ್ದಾರೆ.”

“ಪುಸ್ತಕ ಮಾಡಿಕೊಡಿ. ಬೆರಳಲ್ಲಿ ಬಿಟ್ಟರೆ ಓಡಬೇಕು.”

“ಅಷ್ಟೇ ಅಲ್ವಾ? ಖಲಾಸ್, ಆಯ್ತು ಅಂತ ತಿಳ್ಕೊಳ್ಳಿ. ಬುಧವಾರ ಬನ್ನಿ.”

ಬುಧವಾರ ಕೆಂಪು ರಟ್ಟಿನ ಅಂಗೈಯಗಲದ ಪುಸ್ತಕ ಕೈಗೆ ಬಂತು. ಹಾಳೆಯ ಬೆನ್ನು ಖಾಲಿ ಬಿಡುವುದು ಅವರ ಮರ್ಯಾದೆಗೆ ಒಪ್ಪದೆ, ಪ್ರತಿ ಹಾಳೆಯ ಎರಡೂ ಕಡೆ ಅದೇ ಚಿತ್ರ ಹಾಕಿದ್ದರು. ಬಿಡಿಸಿ ನೋಡದೆ ಮನೆಗೆ ತಂದೆ. ಸಾಕ್ಷ್ಯವನ್ನು ದಾರಿಯಲ್ಲಿ ಮುಟ್ಟಬಾರದು ಎಂಬುದು ನನ್ನ ನಂಬಿಕೆ.

ಹೆಂಡತಿ ಹುರುಳಿಕಾಯಿ ಮುರಿಯುತ್ತಿದ್ದಳು. ಕೈ ಒರೆಸಿಕೊಂಡು, ನಮ್ಮ ಎಲ್ಲ ಪುಸ್ತಕಗಳ ಹಾಗೆ ಎಡಗೈಯಲ್ಲಿ ಹೊಲಿಗೆ ಹಿಡಿದು, ಬಲಗೈ ಹೆಬ್ಬೆರಳಿನಿಂದ ಹಾಳೆ ಬಿಟ್ಟಳು. ನಾನು ಭುಜದ ಮೇಲಿಂದ ಬಗ್ಗಿ ನೋಡಿದೆ. ನಗುತ್ತಿದ್ದ ಹೆಂಗಸೊಬ್ಬಳು ನಗು ನಿಲ್ಲಿಸಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು, ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದಳು, ಚಿಕ್ಕವಳಾಗುತ್ತಾ ಗಾಜಿನ ಬಾಗಿಲೊಳಗೆ ಹೋಗಿ ಮಾಯವಾದಳು.

“ನೋಡಿದ್ರಾ?” ಎಂದಳು. “ನಿಮ್ಮನ್ನ ನೋಡಿದ್ದೇ ವಾಪಸ್ ಹೊರಟಿದೀನಿ.”

ಸಿನಿಮಾ ಹುಟ್ಟಿದ ಕಾಲದ ಆಟದವರು ಜನರನ್ನು ನಗಿಸಲು ಕೆಲವು ಸಲ ರೀಲನ್ನು ತಿರುಗಾ ಓಡಿಸುತ್ತಿದ್ದರೆಂದು ಓದಿದ್ದೆ. ನನ್ನ ರೀಲನ್ನು ಓಡಿಸಿದವರು ಯಾರು? ದೊಡ್ಡದರಿಂದ ಚಿಕ್ಕದಕ್ಕೆ ನಾನೇ ಜೋಡಿಸಿ ಕೊಟ್ಟೆನೇ? ಅಥವಾ ಅವಳು ನಿಜವಾಗಿ ಹೊರಟೇ ಹೋಗಿದ್ದಳೇ? ಹಾಗಾದರೆ ಇಷ್ಟು ವರ್ಷ ಇಲ್ಲಿ ಅಡುಗೆ ಮಾಡಿದವರು ಯಾರು? ಅಂಗಡಿಗೆ ಫೋನ್ ಮಾಡಿ, ಅವಳಿಗೂ ಕೇಳಿಸಲೆಂದು ಸ್ಪೀಕರಿಗೆ ಹಾಕಿದೆ.

“ನೀವು ಯಾವ ಕಡೆಯಿಂದ ಬಿಟ್ರಿ ಸಾರ್?”

“ಪುಸ್ತಕ ಬಿಡುವ ಕಡೆಯಿಂದ.”

“ಅದು ನಿಮ್ಮ ಊರಲ್ಲಿ. ನಾನು ದಿನವಿಡೀ ಹೊಲಿಯುವುದು ಅರಬಿ ರಸೀದಿ ಪುಸ್ತಕ. ಕೈ ತನ್ನಿಂದ ತಾನೇ ಬಲಗಡೆ ಹೊಲೀತದೆ. ಬಲಗಡೆ ಹಿಡೀರಿ, ಅಮ್ಮ ಬರ್ತಾರೆ.”

ಅವಳು ಪುಸ್ತಕ ಮಗುಚಿ, ಬಲಗೈಯಲ್ಲಿ ಹೊಲಿಗೆ ಹಿಡಿದು ಬಿಟ್ಟಳು. ಬಾಗಿಲು ತೆರೆಯಿತು. ಚಿಕ್ಕವಳೊಬ್ಬಳು ಕಣ್ಣೊರೆಸಿಕೊಳ್ಳುತ್ತಾ ಹೊರಬಂದಳು, ದೊಡ್ಡವಳಾದಳು, ತಲೆ ಎತ್ತಿದಳು, ನಕ್ಕಳು.

“ನಕ್ಕೆಯಲ್ಲ,” ಎಂದೆ.

“ಅತ್ತೆನಲ್ಲ,” ಎಂದಳು.

ಇನ್ನೊಂದು ಸಲ ಬಿಟ್ಟಳು. ಮತ್ತೂ ಒಂದು ಸಲ. ಆಮೇಲೆ ಇದ್ದಕ್ಕಿದ್ದಂತೆ ನಗತೊಡಗಿದಳು. “ರೀ, ನಾನು ನಕ್ಕಿದ್ದು ಬಂದ ಸಂತೋಷಕ್ಕಲ್ಲ. ಆ ಕ್ಯಾಮೆರಾ ಕಟಕಟ ಅಂತ ಹೊಡ್ಕೋತಿತ್ತು. ನೀವು ಕೊನೆಗೆ ಅದನ್ನ ಮುಖದಿಂದ ತೆಗೆದು ಏಡಿ ಹಿಡಿದವರ ಹಾಗೆ ದೂರ ಹಿಡ್ಕೊಂಡು ನಿಂತಿದ್ರಿ. ಇಂಥವರ ಜೊತೆ ಬಾಳಬೇಕಲ್ಲಪ್ಪ ಅಂತ ನಗು ಬಂತು.”

ಇದು ನನ್ನ ಪರವೋ ವಿರುದ್ಧವೋ ತಿಳಿಯಲಿಲ್ಲ. ಅವಳು ಹುರುಳಿಕಾಯಿ ಮುರಿಯುವುದನ್ನು ಮುಂದುವರಿಸಿದಳು.

“ಎರಡು ವರ್ಷ ಆಗಲ್ಲ. ಒಂದು.”

“ಒಂದು ಯಾಕೆ?”

“ಅರ್ಧ ದಾರಿ ಅಳ್ತಾ ಬಂದಿದೀನಿ, ಅರ್ಧ ನಗ್ತಾ. ನ್ಯಾಯವಾಗಿ ಅಷ್ಟೇ ಬರೋದು.”

ಭಾನುವಾರ ಕಾಗದದಲ್ಲಿ ಎರಡು ಎಂಬುದನ್ನು ಹೊಡೆದು ಒಂದು ಎಂದು ಬರೆದೆ. ಒಮಾನಿ ಮ್ಯಾನೇಜರು ಕಾರಣ ಕೇಳಿದರು. ಕುದುರೆಯಿಂದ ಆರಂಭಿಸಿದೆ. ಅವರು ಅರ್ಧದಲ್ಲೇ ಸಹಿ ಹಾಕಿದರು.

ಅದರ ಮುಂದಿನ ಶುಕ್ರವಾರ ಕೂಟದಲ್ಲಿ ಮಾತಾಡುತ್ತಾ ಪುಸ್ತಕವನ್ನು ಸಭೆಯ ಕೈಗೆ ಕೊಟ್ಟೆ. ಅರ್ಧ ಜನ ಅದನ್ನು ಎಡಗಡೆ ಹಿಡಿದರು, ಅರ್ಧ ಜನ ಬಲಗಡೆ. ಸಾಲು ಸಾಲಲ್ಲೂ ಗುಸುಗುಸು ಎದ್ದಿತು. ಕೊನೆಗೆ ಒಬ್ಬರು ಎದ್ದು ನಿಂತು, “ಸಾರ್, ಸಿನಿಮಾ ಯಾರಾದ್ರೂ ಕಂಡುಹಿಡೀಲಿ. ಮೇಡಂ ಬರ್ತಿದಾರೋ ಹೋಗ್ತಿದಾರೋ, ಅದನ್ನ ಮೊದಲು ಹೇಳಿ,” ಎಂದರು.

ನಾನು ಉತ್ತರಕ್ಕಾಗಿ ಮೂರನೆಯ ಸಾಲಿನತ್ತ ನೋಡಿದೆ. ಅವಳು ಕೈಯಲ್ಲಿ ಒಂದು ಬೆರಳು ಎತ್ತಿ ತೋರಿಸಿದಳು.